ಪಹಣಿ ಆನ್‌ಲೈನ್ ಆಯ್ತು, ಹೊಲಕ್ಕೆ ಬಂದು ನೋಡೋರು ಯಾರು?

ಜಮೀನು ಯಾರದು, ಬೆಳೆ ಏನು ಅಂತ ತೋರಿಸುವ ದಾಖಲೆಯೇ ಪಹಣಿ. ಮೊಬೈಲಿನಲ್ಲಿ ಅದನ್ನು ನೋಡೋಕೆ ಈಗ ಎರಡು ನಿಮಿಷ ಸಾಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಹಾಕಿದರೆ ಮುಗೀತು. ಆದರೆ ತೆರೆದುಕೊಂಡ ಪಹಣಿಯನ್ನು ಸ್ವಲ್ಪ ಸಮಾಧಾನದಿಂದ ಓದಿ ನೋಡಿ. ಎಷ್ಟೋ ಮನೆಗಳಲ್ಲಿ ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ಎಂದೋ ತೀರಿಸಿದ ಸೊಸೈಟಿ ಸಾಲ 11ನೇ ಕಾಲಂನಲ್ಲಿ ಹಾಗೇ ಕೂತಿರುತ್ತದೆ. ತೆಂಗು ಫಸಲಿಗೆ ಬಂದಿದ್ದರೂ 12ನೇ ಕಾಲಂನಲ್ಲಿ ರಾಗಿ ಅಂತಲೇ ಇರುತ್ತದೆ.

ಇದು ಕಂಪ್ಯೂಟರಿನ ತಪ್ಪಲ್ಲ. ಯಾರೋ ಒಬ್ಬರು ಬರೆದದ್ದನ್ನು ಅದು ತೋರಿಸುತ್ತಿದೆ, ಅಷ್ಟೆ. ಆ ಬರೆಯುವ ಕೆಲಸ ನಮ್ಮ ಹಳ್ಳಿಗಳಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹೋಗುವಾಗ ಏನು ಸರಿಯಾಯಿತು, ಏನು ಕೈಬಿಟ್ಟು ಹೋಯಿತು ಎನ್ನುವುದನ್ನು ತಿಳಿಯದೆ ಇವತ್ತಿನ ಕಂದಾಯ ಇಲಾಖೆಯ ತೊಂದರೆ ಅರ್ಥವಾಗುವುದು ಕಷ್ಟ.

ಹಳೇ ಮೈಸೂರಿನಲ್ಲಿ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ಪಟೇಲರು ಊರಿನ ಯಜಮಾನಿಕೆ ಮತ್ತು ಕಂದಾಯ ವಸೂಲಿ ನೋಡಿದರೆ, ಶಾನುಭೋಗರು ಪುಸ್ತಕ ನೋಡುತ್ತಿದ್ದರು. ಧಾರವಾಡ, ಬೆಳಗಾವಿ ಕಡೆ ಇದೇ ಕೆಲಸ ಕುಲಕರ್ಣಿಯದು. ಆಮೇಲೆ ಸಂಬಳದ ತಲಾಟಿಗಳು ಬಂದರು. ನಿಜಾಮರ ಆಳ್ವಿಕೆಯ ಕಲಬುರಗಿ, ಬೀದರ, ರಾಯಚೂರಿನಲ್ಲಿ ಪಟವಾರಿ. ಮದ್ರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ ಕರಣಂ. ಅವರ ಜತೆಗೆ ತಳವಾರ, ತೋಟಿ, ನೀರಗಂಟಿ, ಕರಾವಳಿಯಲ್ಲಾದರೆ ಉಗ್ರಾಣಿ. ಊರಿನ ಸರ್ಕಾರ ಅಂದರೆ ಇವರೇ.

ಕಾಗದ ಬಳಕೆಗೆ ಬರುವ ಮೊದಲು ಲೆಕ್ಕ ಬರೆಯುತ್ತಿದ್ದದ್ದು ಬಟ್ಟೆಯ ಕಡತದಲ್ಲಿ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಗಟ್ಟಿಯಾಗಿ ಕಪ್ಪು ಹಲಗೆಯ ಹಾಗೆ ಆಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿಟ್ಟು, ಬಳಪದಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಯಾರ ಹೊಲ ಎಲ್ಲಿ ಮುಗಿಯುತ್ತದೆ, ಯಾರದು ಎಷ್ಟು ಬಾಕಿ ಎನ್ನುವುದು ಹೀಗೆ ಒಂದು ಮನೆತನದ ಅಟ್ಟದ ಮೇಲೆ, ಒಬ್ಬರ ಕೈಬರಹದಲ್ಲಿ, ಅದಕ್ಕಿಂತ ಜಾಸ್ತಿ ಅವರ ನೆನಪಿನಲ್ಲಿ ಇರುತ್ತಿತ್ತು.

ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ, 1860ರ ದಶಕದಲ್ಲಿ, ಮುಂಬಯಿ ಪ್ರಾಂತ್ಯದ ಮಾದರಿಯ ಕಂದಾಯ ಸರ್ವೆ ಮೈಸೂರಿಗೆ ಬಂತು. 33 ಅಡಿ ಸರಪಳಿ ಹಿಡಿದು ಹೊಲ ಹೊಲ ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ನಾವು ಇಂದಿಗೂ ಜಮೀನು ಮಾತಾಡುವುದು ಇದೇ ಲೆಕ್ಕದಲ್ಲಿ. ಕಲ್ಲು ನೆಟ್ಟರು, ಸರ್ವೆ ನಂಬರು ಕೊಟ್ಟರು, ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಬರೆದರು. ಬೇಸಾಯಕ್ಕೆ ಬಾರದ ಜಾಗವನ್ನು 'ಅ' ಖರಾಬು ಅಂತಲೂ, ದಾರಿ, ಹಳ್ಳದಂಥ ಸಾರ್ವಜನಿಕ ಜಾಗವನ್ನು 'ಬ' ಖರಾಬು ಅಂತಲೂ ಗುರುತಿಸಿದರು. ಈ ಪುಸ್ತಕಗಳು ಊರಿನಲ್ಲಿ ಶಾನುಭೋಗರ ವಶದಲ್ಲೇ ಇದ್ದವು.

ಶಾನುಭೋಗಿಕೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಮೈಸೂರಿನಲ್ಲಿ ಇದಕ್ಕೆ 1908ರ ಗ್ರಾಮ ಹುದ್ದೆಗಳ ಕಾಯ್ದೆಯೇ ಇತ್ತು. ಅಪ್ಪನ ನಂತರ ಮಗ. ಹುದ್ದೆಯ ಜತೆಗೆ ಇನಾಂ ಜಮೀನು, ಪೋಟಗಿ ಎಂಬ ಭತ್ಯೆ. ಇದರ ಒಳ್ಳೆಯ ಮುಖವನ್ನು ಹಳಬರು ಈಗಲೂ ನೆನೆಯುತ್ತಾರೆ: ಅವರಿಗೆ ಊರಿನ ಪ್ರತಿಯೊಂದು ಬದುವೂ ಗೊತ್ತಿತ್ತು, ಯಾರ ಮನೆಯಲ್ಲಿ ಯಾರು ತೀರಿಕೊಂಡರು, ಪಾಲು ಹೇಗಾಯಿತು ಎಂದು ಯಾರೂ ಅರ್ಜಿ ಹಾಕಿ ತಿಳಿಸಬೇಕಾಗಿರಲಿಲ್ಲ. ಆ ಮಾತು ಸುಳ್ಳಲ್ಲ. ಆದರೆ ಪುಸ್ತಕ ತೆರೆದು ಓದಲು ಬಾರದ ಗೇಣಿದಾರನಿಗೆ, ಚಾವಡಿಯ ಮೆಟ್ಟಿಲು ಹತ್ತಲು ಬಿಡದ ಜಾತಿಯವನಿಗೆ ಆ ತಿಳಿವಳಿಕೆಯೇ ಹೆದರಿಕೆಯಾಗಿತ್ತು. ಅಕ್ಷರ, ಜಮೀನು, ಸರ್ಕಾರ ಮೂರೂ ಒಂದೇ ಮನೆಯಲ್ಲಿದ್ದರೆ ಪುಸ್ತಕದಲ್ಲಿ ಯಾರ ಪರ ಬರೆಯುತ್ತಾರೆ? ಹಾಗಾಗಿ ಈ ಪದ್ಧತಿ ಹೋಗಲೇಬೇಕಿತ್ತು. ಅದರಲ್ಲಿ ನನಗೆ ಎರಡು ಮಾತಿಲ್ಲ.

1956ರಲ್ಲಿ ರಾಜ್ಯ ಒಂದಾದಾಗ ಒಂದೊಂದು ಕಡೆಯ ಪದ್ಧತಿ ಒಂದೊಂದು ಥರ ಇತ್ತು. ಗ್ರಾಮ ಹುದ್ದೆಗಳ ರದ್ದತಿಗೆ 1961ರಲ್ಲಿ ಕಾಯ್ದೆಯಾಯಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ವಂಶದ ಹಕ್ಕು ಅವತ್ತಿಗೆ ಮುಗಿಯಿತು. ಹುದ್ದೆಗೆ ಅಂಟಿದ್ದ ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಆಮೇಲೆ ಹುದ್ದೆಯಲ್ಲಿದ್ದವರಿಗೇ ಮರುಮಂಜೂರಾಯಿತು. ತಳವಾರಿ, ತೋಟಿ ಇನಾಂ ಜಮೀನುಗಳ ವ್ಯಾಜ್ಯ ಇನ್ನೂ ಕೋರ್ಟಿಗೆ ಬರುತ್ತಲೇ ಇರುತ್ತದೆ. ಶಾನುಭೋಗರ ಜಾಗಕ್ಕೆ ಸಂಬಳದ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗರು ಬಂದರು. ಜನರ ಬಾಯಲ್ಲಿ ವಿಎ, ಅಂದರೆ ವಿಲೇಜ್ ಅಕೌಂಟೆಂಟ್. 1964ರ ಏಪ್ರಿಲ್ 1ರಿಂದ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಆಯಿತು.

ಈ ಕಾಯ್ದೆಯ 133ನೇ ಸೆಕ್ಷನ್ ಒಂದನ್ನು ನೆನಪಿಡಿ. ಹಕ್ಕು ದಾಖಲೆಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೆ ಅದು ನಿಜ ಅಂತಲೇ ಲೆಕ್ಕ. ಅಂದರೆ ತಪ್ಪು ಬರೆದಿದ್ದರೆ ಅದನ್ನು ತಪ್ಪು ಅಂತ ತೋರಿಸುವ ಹೊಣೆ ರೈತನ ಮೇಲೆ.

ಇದರ ಬಿಸಿ ದೊಡ್ಡದಾಗಿ ತಟ್ಟಿದ್ದು 1974ರಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬಹುದಿತ್ತು. ಅರ್ಜಿಗೆ ಕೊನೆಯ ದಿನ ಮುಂದಕ್ಕೆ ಹೋಗುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ನ್ಯಾಯಮಂಡಳಿ ಕೇಳುತ್ತಿದ್ದ ಮೊದಲ ದಾಖಲೆಯೇ ಪಹಣಿ. 1974ರ ಮಾರ್ಚ್ 1ರ ಹೊತ್ತಿಗೆ ಸಾಗುವಳಿ ಕಾಲಂನಲ್ಲಿ ಯಾರ ಹೆಸರಿತ್ತು? ಗೇಣಿದಾರನ ಹೆಸರಿದ್ದರೆ ಅವನ ಮೊಮ್ಮಕ್ಕಳು ಇವತ್ತು ಹೊಲದ ಯಜಮಾನರು. ಮಾಲೀಕನೇ ಉಳುತ್ತಾನೆ ಅನ್ನುವ ಅರ್ಥದಲ್ಲಿ 'ಸ್ವಂತ' ಅಂತ ಬರೆದಿದ್ದರೆ ಗೇಣಿದಾರ ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಯಿತು. ಕರ್ನಾಟಕದ ಅತಿ ದೊಡ್ಡ ಸಾಮಾಜಿಕ ಬದಲಾವಣೆಯೊಂದು ಹಳ್ಳಿಯ ಲೆಕ್ಕಿಗರು ಹಿಂದಿನ ವರ್ಷಗಳಲ್ಲಿ ಹೊಲಕ್ಕೆ ಹೋಗಿ, ನೋಡಿ, ಬರೆದಿದ್ದರೋ ಇಲ್ಲವೋ ಅನ್ನುವುದರ ಮೇಲೆ ಇಷ್ಟೊಂದು ನಿಂತಿತ್ತು.

ಆಮೇಲಿನ 25 ವರ್ಷ ಹೆಚ್ಚು ಹೇಳುವಂಥದ್ದಿಲ್ಲ. ಕೈಬರಹದ ಪಹಣಿ ಪುಸ್ತಕ ವಿಎ ಬ್ಯಾಗಿನಲ್ಲಿತ್ತು. ಪಹಣಿ ಬೇಕೆಂದರೆ ಅವರನ್ನು ಹುಡುಕಬೇಕು. ಸಿಕ್ಕರೆ ಕೈ ಬಿಸಿ ಮಾಡಬೇಕು. ಖಾತೆ ಬದಲಾವಣೆ ಅರ್ಜಿ ಕೊಟ್ಟರೆ ಅದಕ್ಕೆ ರಶೀದಿಯೇ ಇಲ್ಲ.

'ಭೂಮಿ' ಯೋಜನೆ ಇದನ್ನು ಮುರಿಯಿತು. 1990ರ ದಶಕದ ಕೊನೆಗೆ ಶುರುವಾದ ಈ ಕೆಲಸವನ್ನು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದರು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರವೇ ಹೇಳಿತು. ಖಾತೆ ಬದಲಾವಣೆ ಅರ್ಜಿಗೆ ಸ್ವೀಕೃತಿ ಬಂತು. ಮೊದಲು ಬಂದ ಅರ್ಜಿಯನ್ನೇ ಮೊದಲು ಮುಗಿಸಬೇಕೆಂಬ ಕಟ್ಟು ಬಂತು. ಸಿಬ್ಬಂದಿ ಬೆರಳ ಗುರುತು ಒತ್ತಿಯೇ ಕಂಪ್ಯೂಟರ್ ದಾಖಲೆಯೊಳಗೆ ಹೋಗಬೇಕಾಯಿತು, ಹಾಗಾಗಿ ಯಾರು ಬದಲಿಸಿದರು ಅನ್ನುವುದು ಉಳಿಯತೊಡಗಿತು. ಇದನ್ನು ಕಡಿಮೆ ಸಾಧನೆ ಅನ್ನುವವರು ಅದಕ್ಕೂ ಮುಂಚಿನ ದಿನಗಳನ್ನು ನೋಡಿಲ್ಲ.

ಆದರೆ ಟೈಪ್ ಮಾಡಿದ್ದು ಹಳೇ ಪುಸ್ತಕದಲ್ಲಿ ಇದ್ದದ್ದನ್ನೇ. ಒಂದು ಉದಾಹರಣೆ ನೋಡಿ. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 3ನೇ ಕಾಲಂನಲ್ಲಿ 3 ಎಕರೆ 20 ಗುಂಟೆ. 9ನೇ ಕಾಲಂನಲ್ಲಿ ಮೂವರು ಅಣ್ಣತಮ್ಮಂದಿರು, ತಲಾ 1 ಎಕರೆ 10 ಗುಂಟೆ. ಕೂಡಿದರೆ 3 ಎಕರೆ 30 ಗುಂಟೆ. ನೆಲದ ಮೇಲೆ ಇಲ್ಲದ 10 ಗುಂಟೆ ಕಾಗದದ ಮೇಲೆ ಇದೆ. ಹಿಂದೆ ಪಾಲು ಮಾಡುವಾಗ ಖರಾಬು ಕಳೆಯದೆ ಬರೆದಿರಬಹುದು, ಸುಮ್ನೆ ಅಂದಾಜಿನಲ್ಲಿ ಬರೆದಿರಬಹುದು. ಕೈಬರಹದ ಕಾಲದಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಕಂಪ್ಯೂಟರ್ ಒಪ್ಪುವುದಿಲ್ಲ. '3 ಮತ್ತು 9 ತಾಳೆ ಇಲ್ಲ' ಅಂತ ಮುಂದಿನ ವ್ಯವಹಾರ ನಿಂತುಬಿಡುತ್ತದೆ. ತಾಲ್ಲೂಕು ಕಚೇರಿಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಿಂತವರನ್ನು ಕೇಳಿ ನೋಡಿ, ಇಂಥ ಕಥೆ ಹೇಳುವವರು ಬೇಕಾದಷ್ಟು ಜನ. ತಿದ್ದುಪಡಿಗೆ ಹಳೇ ಟಿಪ್ಪಣಿ ತೆಗೆಸಬೇಕು, ಸರ್ವೆಯವರು ಅಳೆಯಬೇಕು, ಮೂವರೂ ಒಪ್ಪಬೇಕು. ಇದರಲ್ಲಿ ಯಾವುದೂ ಕುರ್ಚಿಯಲ್ಲಿ ಕೂತು ಮುಗಿಯುವ ಕೆಲಸವಲ್ಲ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯದೂ ಇದೇ ಪಾಡು. ಯಜಮಾನ ತೀರಿಕೊಂಡ ಸುದ್ದಿ ಕಂಪ್ಯೂಟರಿಗೆ ತಾನಾಗಿ ಬರುವುದಿಲ್ಲ. ಮರಣ ಪತ್ರ, ವಂಶವೃಕ್ಷ ಹಿಡಿದು ಯಾರಾದರೂ ಅರ್ಜಿ ಹಾಕಬೇಕು. ಮನೆಯಲ್ಲಿ ಪಾಲಿನ ತಕರಾರಿದ್ದರೆ ಯಾರೂ ಹಾಕುವುದಿಲ್ಲ. ಹೀಗೆ ಹತ್ತಾರು ಲಕ್ಷ ಜಮೀನು ಸತ್ತವರ ಹೆಸರಿನಲ್ಲೇ ಉಳಿದಿದೆ. ಸರ್ಕಾರ ಈಗ ಇ-ಪೌತಿ ಎಂಬ ಆಂದೋಲನ ಮಾಡುತ್ತಿರುವುದು ಇದಕ್ಕೇ.

ಇನ್ನೊಂದು ತಕರಾರು ಬೇರೆ ಕಡೆಯಿಂದ ಬಂತು. 2007ರ ಹೊತ್ತಿಗೆ ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿದ ಕೆಲವು ಸಂಶೋಧಕರು, 'ಭೂಮಿ' ಯೋಜನೆಯಿಂದಾಗಿ ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿಯಿತು, ಲಂಚ ನಿಲ್ಲುವ ಬದಲು ಮೇಲಿನವರಿಗೆ ಹೋಯಿತು, ಜಮೀನು ಗುಡ್ಡೆ ಹಾಕುವ ದೊಡ್ಡವರಿಗೆ ದಾರಿ ಸಲೀಸಾಯಿತು ಎಂದು ಬರೆದರು. ಇಡೀ ರಾಜ್ಯಕ್ಕೆ ಆ ಮಾತನ್ನು ಹಾಗೇ ಹೊಂದಿಸುವುದು ಸರಿಯಲ್ಲ ಅನಿಸುತ್ತದೆ. ಆದರೆ ಹಳ್ಳಿಯಲ್ಲಿ ಆಗುತ್ತಿದ್ದ ತೀರ್ಮಾನ ದೂರ ಹೋಯಿತು ಅನ್ನುವುದನ್ನು ಅಲ್ಲಗಳೆಯಲಾಗುವುದಿಲ್ಲ.

ಹಾಗಾದರೆ ವಿಎ ಕೈಯಿಂದ ಪಹಣಿ ಪುಸ್ತಕ ಹೋದ ಮೇಲೆ ಅವರ ಕೆಲಸ ಕಡಿಮೆಯಾಗಬೇಕಿತ್ತು ಅಲ್ವಾ? ಆದದ್ದು ತಿರುಗುಮುರುಗು. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಜಾತಿ, ಆದಾಯ ಪತ್ರಕ್ಕೆ ವರದಿ ಇವರದು. ವೃದ್ಧಾಪ್ಯ ವೇತನ, ವಿಧವಾ ವೇತನದ ಪರಿಶೀಲನೆ ಇವರದು. ಮಳೆಗೆ ಗೋಡೆ ಬಿದ್ದರೆ ಮಹಜರು, ಕೆರೆ ಒತ್ತುವರಿಯಾದರೆ ನೋಟಿಸು, ಚುನಾವಣೆ ಬಂದರೆ ಮತದಾರರ ಪಟ್ಟಿ, ಬರ ಬಂದರೆ ಕುಡಿಯುವ ನೀರಿನ ವರದಿ. 2012ರಲ್ಲಿ ಹೊತ್ತಿಗೆ ಸರಿಯಾಗಿ ಸೇವೆ ಕೊಡಿಸುವ 'ಸಕಾಲ' ಬಂದ ಮೇಲೆ ಪ್ರತಿ ಅರ್ಜಿಗೂ ದಿನದ ಗಡುವು. ಅದು ಜನರಿಗೆ ಒಳ್ಳೆಯದೇ. ಆದರೆ ಗಡುವು ಹಾಕಿದವರು ಅದಕ್ಕೆ ತಕ್ಕಷ್ಟು ಕೈಗಳನ್ನು ಕೊಡಲಿಲ್ಲ.

ಅದರ ಮೇಲೆ ಮೊಬೈಲ್ ಆ್ಯಪ್‌ಗಳು. ಸರ್ಕಾರಿ ಜಮೀನಿಗೆ ಹೋಗಿ ಬಂದದ್ದಕ್ಕೆ ಲ್ಯಾಂಡ್ ಬೀಟ್, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ ಮಾಡಿ ಅಂತ ಕೊಡುವ ನಮೂನೆ 57ರ ಅರ್ಜಿಗಳಿಗೆ ಬಗರ್ ಹುಕುಂ ಆ್ಯಪ್, ಪಹಣಿಗೆ ಆಧಾರ್ ಜೋಡಿಸಲು ಇನ್ನೊಂದು. 2024ರಲ್ಲಿ ಆಧಾರ್ ಜೋಡಣೆಗೆ ಅವರು ಮನೆಮನೆ ಸುತ್ತಿದರು. ಹೊಲದ ಕಡೆ ಹೋಗುವುದು ಪೂರ್ತಿ ನಿಂತಿಲ್ಲ, ಹೋಗುವ ರೀತಿ ಬದಲಾಗಿದೆ. ಆ್ಯಪ್ ಕೇಳಿದ ಜಾಗಕ್ಕೆ ಹೋಗಬೇಕು, ಫೋಟೊ ಹೊಡೆಯಬೇಕು, ಸಿಗ್ನಲ್ ಸಿಕ್ಕಾಗ ಅಪ್‌ಲೋಡ್ ಮಾಡಬೇಕು, ಮುಂದಿನದಕ್ಕೆ ಓಡಬೇಕು. ಪಕ್ಕದ ಹೊಲದವರ ಜತೆ ನಿಂತು 'ಈ ಬದು ಯಾವಾಗ ಬಿತ್ತು, ಇಲ್ಲಿ ಯಾರು ಉಳ್ತಿದ್ದಾರೆ' ಅಂತ ಕೇಳುವಷ್ಟು ಹೊತ್ತು ಎಲ್ಲಿದೆ?

ಬೆಳೆ ದಾಖಲೆಯಲ್ಲಿ ಇದರ ಬೆಲೆ ಎದ್ದು ಕಾಣುತ್ತದೆ. ಬೆಳೆ ಸಮೀಕ್ಷೆಯನ್ನು ಆ್ಯಪ್‌ಗೆ ತಂದರು, ಊರಿನ ಹುಡುಗರನ್ನು ಹಾಕಿಕೊಂಡರು, 2020ರಲ್ಲಿ ರೈತರೇ ಅಪ್‌ಲೋಡ್ ಮಾಡಿ ಅಂದರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಪರಿಹಾರ ನೇರ ಬ್ಯಾಂಕಿಗೆ ಬರುವ ವ್ಯವಸ್ಥೆಯಾಯಿತು, ಮಧ್ಯವರ್ತಿ ಇಲ್ಲ, ಒಳ್ಳೆಯದೇ. ಆದರೆ ಹಣ ಹೋಗುವುದು 'ಫ್ರೂಟ್ಸ್' ಎಂಬ ರೈತರ ನೋಂದಣಿ ಮತ್ತು ಬೆಳೆ ದಾಖಲೆ ನೋಡಿ. ಜಮೀನು ಅಪ್ಪನ ಹೆಸರಲ್ಲಿದ್ದು ಅಪ್ಪ ಇಲ್ಲದಿದ್ದರೆ, ಬಿತ್ತಿದ್ದು ಒಂದು ಬರೆದದ್ದು ಇನ್ನೊಂದಾದರೆ, ಬೆಳೆ ಒಣಗಿಸಿಕೊಂಡವನು ಮತ್ತೆ ಕಚೇರಿಗೆ ಅಲೆಯಬೇಕು. ಗೇಣಿಗೆ ಮಾಡಿದವನ ಹೆಸರಂತೂ ಎಲ್ಲೂ ಇರುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ. ಕೆಲಸದ ಒತ್ತಡ ಇಳಿಸಿ, ಆ್ಯಪ್ ಕೆಲಸಕ್ಕೆ ಬೇಕಾದ ಸಲಕರಣೆ ಕೊಡಿ, ಕೂರಲು ಸರಿಯಾದ ಕಚೇರಿ ಕೊಡಿ, ಬಡ್ತಿ ಮತ್ತು ವರ್ಗಾವಣೆ ಸರಿಪಡಿಸಿ ಎಂಬುದು ಅವರ ಮಾತು. ಆ ದಿನಗಳಲ್ಲಿ ನಾಡಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದವರ ಸಿಟ್ಟೂ ನ್ಯಾಯವಾದದ್ದೇ. ಲಂಚ ತಿನ್ನುವವರು ಈ ಹುದ್ದೆಯಲ್ಲಿ ಇಲ್ಲವೇ ಎಂದು ಕೇಳಿದರೆ, ಇದ್ದಾರೆ. ಆದರೆ ಬೇಡಿಕೆಗಳನ್ನು ಅದಕ್ಕಾಗಿ ತಳ್ಳಿಹಾಕಿದರೆ ನಷ್ಟ ರೈತನಿಗೇ.

ಸರ್ಕಾರ 2024ರಲ್ಲಿ 1,000 ಹುದ್ದೆಗೆ ಪರೀಕ್ಷೆ ನಡೆಸಿತು. ಮೊದಲಿನಂತೆ ಪಿಯುಸಿ ಅಂಕದ ಮೇಲೆ ಆಯ್ಕೆಯಲ್ಲ, ಪರೀಕ್ಷೆಯಲ್ಲಿ ಗೆದ್ದು ಬಂದವರು. ತಾಲ್ಲೂಕು ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸವೂ ಅದೇ ವರ್ಷ ಶುರುವಾಯಿತು. ಎರಡೂ ಬೇಕಾಗಿದ್ದವು. ಇದರ ಜತೆಗೆ ಇಲಾಖೆ ಇನ್ನೊಂದು ಮಾಡಬೇಕು. ಹೊಸದಾಗಿ ಬಂದವರಿಗೆ ಒಂದು ವೃತ್ತ (ಒಬ್ಬ ಅಧಿಕಾರಿಯ ಪಾಲಿನ ಹಳ್ಳಿಗಳು) ಮಾತ್ರ ಕೊಡಬೇಕು, ಪಕ್ಕದ್ದನ್ನು ಪ್ರಭಾರ ಅಂತ ಹೊರಿಸಬಾರದು. ಮುಂಗಾರಿನಲ್ಲಿ ಒಮ್ಮೆ, ಹಿಂಗಾರಿನಲ್ಲಿ ಒಮ್ಮೆ ಕೆಲವು ದಿನ ಬೇರೆ ಯಾವ ಕೆಲಸವನ್ನೂ ಹಾಕದೆ ಹಳ್ಳಿಗೆ ಕಳಿಸಬೇಕು. ಬರುವ ದಿನ ಡಂಗುರ ಹೊಡೆಸಿ ಮೊದಲೇ ತಿಳಿಸಬೇಕು. 9, 11 ಮತ್ತು 12ನೇ ಕಾಲಂಗಳನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳಿಸುವಂತೆ ಓದಬೇಕು, ಹೆಂಗಸರೂ ಗೇಣಿದಾರರೂ ಕೂತಿರುವಾಗ. ತಕರಾರು ಬಂದರೆ ಅಲ್ಲೇ ಬರೆದುಕೊಂಡು ಸ್ವೀಕೃತಿ ಕೊಡಬೇಕು.