ದೇವರನ್ನು ಮಾಡಿದವರು ಯಾರು? ಐಹೊಳೆ ಗುಡ್ಡದಿಂದ ಲಂಡನ್‌ವರೆಗೆ ಒಂದು ಹಳೆಯ ಜಗಳ

ಶ್ರಾವಣ ಬಂದರೆ ವಿಜಯಪುರ, ಬಾಗಲಕೋಟೆ ಕಡೆ ಊರೂರಲ್ಲೂ ಪ್ರವಚನ. ಜಗತ್ತನ್ನು ದೇವರು ಮಾಡಿದ ಅಂತ ಸ್ವಾಮಿಗಳು ಹೇಳುತ್ತಿದ್ದರೆ, ಎಲ್ಲೋ ಒಬ್ಬ ಹುಡುಗ ಅಜ್ಜಿಯನ್ನು ಕೇಳಿಯೇ ಕೇಳುತ್ತಾನೆ: ‘ಹಂಗಾದ್ರ ದೇವರನ್ನ ಯಾರು ಮಾಡ್ಯಾರ?’ ಉತ್ತರ ಎಲ್ಲರಿಗೂ ಗೊತ್ತು: ‘ಸುಮ್ನ ಕೂಡು.’ ಅದೇ ಹುಡುಗ ಕಾಲೇಜಿಗೆ ಹೋದ ಮೇಲೆ ಕೇಳಿದರೆ, ಇಂಗ್ಲಿಷ್ ಪುಸ್ತಕ ಓದಿ ತಲೆ ಕೆಟ್ಟಿದೆ ಅನ್ನುತ್ತಾರೆ. ಈ ಎರಡನೇ ಮಾತು ತಪ್ಪು. ಇಂಗ್ಲಿಷ್ ಎಂಬ ಭಾಷೆ ನಮ್ಮ ಕಿವಿಗೆ ಬೀಳುವುದಕ್ಕೆ ನೂರಾರು ವರ್ಷ ಮೊದಲೇ ಈ ಪ್ರಶ್ನೆ ಈ ನೆಲದಲ್ಲಿತ್ತು.

ಐಹೊಳೆಯ ಮೇಗುತಿ ಗುಡ್ಡ ಹತ್ತಿ ನೋಡಿ. ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆಸಿದ ಸಂಸ್ಕೃತ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಕತೆಗಾಗಿ ಎಲ್ಲರೂ ಅದನ್ನು ನೆನೆಯುತ್ತಾರೆ. ಕಾಳಿದಾಸ, ಭಾರವಿಯರಿಗೆ ತಾನು ಸಮ ಎಂದು ಕವಿ ಕೊಚ್ಚಿಕೊಂಡಿದ್ದೂ ಪಾಠದಲ್ಲಿ ಬರುತ್ತದೆ. ಮೊದಲ ಪದ್ಯದ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಅದು ಜಿನನ ಸ್ತುತಿ. ಹುಟ್ಟು, ಮುಪ್ಪು, ಸಾವು ಮೀರಿದ ಜಿನನ ಅರಿವು ಒಂದು ಸಮುದ್ರ, ಇಡೀ ಜಗತ್ತು ಅದರೊಳಗಿನ ದ್ವೀಪದ ಹಾಗೆ ಎನ್ನುತ್ತದೆ. ಜಿನ ಜಗತ್ತನ್ನು ಪೂರ್ತಿ ಬಲ್ಲ. ಮಾಡಿದ ಅಂತ ಇಲ್ಲ. ಜೈನರಿಗೆ ಸೃಷ್ಟಿಕರ್ತನೇ ಇಲ್ಲವಲ್ಲ!

ಇದನ್ನು ವಾದವಾಗಿ ಬೆಳೆಸಿದವರಲ್ಲಿ ದೊಡ್ಡ ಹೆಸರು ಜಿನಸೇನಾಚಾರ್ಯರದು. 9ನೇ ಶತಮಾನ, ರಾಷ್ಟ್ರಕೂಟರ ಕಾಲ. ದೊರೆ ಅಮೋಘವರ್ಷ ಇವರನ್ನು ಗುರು ಎಂದು ಗೌರವಿಸಿದ. ಮುಂದೆ ಪಂಪ 941ರಲ್ಲಿ ಕನ್ನಡದ ಆದಿಪುರಾಣ ಬರೆದಿದ್ದು ಇವರ ಕಾವ್ಯವನ್ನೇ ಆಧಾರ ಮಾಡಿಕೊಂಡು. ಆ ಸಂಸ್ಕೃತ ಕಾವ್ಯದಲ್ಲಿ ಜಿನಸೇನರು ಪ್ರಶ್ನೆಗಳ ಮಳೆಯನ್ನೇ ಸುರಿಸುತ್ತಾರೆ. ಸೃಷ್ಟಿಗೆ ಮೊದಲು ದೇವರು ಎಲ್ಲಿ ನಿಂತಿದ್ದ? ಮೈ ಇಲ್ಲದವನು ವಸ್ತುಗಳನ್ನು ಹೇಗೆ ಮಾಡಿದ? ಸಾಮಾನು ಎಲ್ಲಿಂದ ತಂದ? ಮೊದಲು ಸಾಮಾನು ಮಾಡಿಕೊಂಡ ಅಂದರೆ, ಆ ಸಾಮಾನಿಗೆ ಬೇಕಾದ ಸಾಮಾನು ಎಲ್ಲಿತ್ತು? ಇದಕ್ಕೆ ಕೊನೆಯೇ ಇಲ್ಲ. ಸಾಮಾನು ತಾನಾಗಿಯೇ ಇತ್ತು ಅನ್ನುವುದಾದರೆ ಜಗತ್ತೂ ತಾನಾಗಿಯೇ ಇರಬಹುದಲ್ಲ, ನಡುವೆ ಇನ್ನೊಬ್ಬ ಯಾಕೆ? ಇನ್ನು ದೇವರು ಪರಿಪೂರ್ಣನಾದರೆ ಅವನಿಗೆ ಮಾಡುವ ಆಸೆ ಯಾಕೆ ಬಂತು? ಪರಿಪೂರ್ಣ ಅಲ್ಲದಿದ್ದರೆ ಕುಂಬಾರನ ಕೈಲಾಗದ್ದು ಅವನ ಕೈಲೂ ಆಗದು. ಕರುಣೆಯಿಂದ ಮಾಡಿದ ಅಂದರೆ ಲೋಕದಲ್ಲಿ ಇಷ್ಟು ದುಃಖ ಯಾಕೆ?

ಕುಂಬಾರ ಇಲ್ಲಿ ಸುಮ್ನೆ ಬಂದವನಲ್ಲ. ತರ್ಕಕ್ಕೆ ಹೆಸರಾದ ನ್ಯಾಯದರ್ಶನದವರು ದೇವರನ್ನು ಸಾಧಿಸುತ್ತಿದ್ದುದೇ ಅವನನ್ನು ತೋರಿಸಿ. ಗಡಿಗೆ ಇದೆ, ಆದ್ದರಿಂದ ಕುಂಬಾರ ಇದ್ದಾನೆ. ಜಗತ್ತು ಇದೆ, ಆದ್ದರಿಂದ ಅದನ್ನು ಮಾಡಿದವನೂ ಇದ್ದಾನೆ. 7ನೇ ಶತಮಾನದಲ್ಲೇ ಬೌದ್ಧ ಪಂಡಿತ ಧರ್ಮಕೀರ್ತಿ ಇದನ್ನು ಕೆಣಕಿದ್ದ: ಹುತ್ತವೂ ಮಣ್ಣಿನದೇ, ಅದನ್ನೂ ಕುಂಬಾರನೇ ಮಾಡಿದನೇ? ವೇದವನ್ನೇ ಪ್ರಮಾಣ ಎನ್ನುವ ಮೀಮಾಂಸಕ ಕುಮಾರಿಲ ಭಟ್ಟನೂ ಬಿಡಲಿಲ್ಲ. ಕೆಲಸ ಮಾಡಲು ದೇವರಿಗೆ ಮೈ ಬೇಕು, ಆ ಮೈಯನ್ನು ಮಾಡಿದವರು ಯಾರು ಎಂದು ಕೇಳಿದ. ಹೀಗೆ ಮುಗಿಯದೆ ಹಿಂದೆ ಹಿಂದೆ ಹೋಗುವುದನ್ನು ಶಾಸ್ತ್ರದಲ್ಲಿ ಅನವಸ್ಥಾ ದೋಷ ಎನ್ನುತ್ತಾರೆ.

ನ್ಯಾಯದವರ ಉತ್ತರ ದಡ್ಡತನದ್ದೇನಲ್ಲ. ಇರುವುದಕ್ಕೆಲ್ಲ ಕರ್ತೃ ಬೇಕು ಎಂದು ಅವರು ಹೇಳಲೇ ಇಲ್ಲ. ಹುಟ್ಟಿದ್ದಕ್ಕೆ ಮಾತ್ರ ಬೇಕು. ದೇವರು ಹುಟ್ಟಿದವನಲ್ಲ, ಆದ್ದರಿಂದ ಪ್ರಶ್ನೆಯೇ ಏಳುವುದಿಲ್ಲ. ಅವರ ಪ್ರಕಾರ ಪರಮಾಣುಗಳೂ ನಿತ್ಯ, ದೇವರು ಅವನ್ನು ಜೋಡಿಸುವವನು. ನಿಜವಾದ ಜಗಳ ಇರುವುದು ಇಲ್ಲಿ. ಜಗತ್ತು ಇಡಿಯಾಗಿ ಒಂದು ದಿನ ಹುಟ್ಟಿತು ಎಂದು ಹೇಳಿದವರು ಯಾರು? ಒಳಗಿನ ವಸ್ತುಗಳು ಬದಲಾಗುತ್ತಲೇ ಇರುತ್ತವೆ, ಜಗತ್ತಿಗೆ ಮಾತ್ರ ಮೊದಲಿಲ್ಲ ಎಂಬುದು ಜೈನರ ನಿಲುವು. ಇಬ್ಬರೂ ಒಂದು ಕಡೆ ‘ಇದಕ್ಕಿಂತ ಹಿಂದೆ ಕೇಳಬೇಡ’ ಅನ್ನುತ್ತಾರೆ. ಎಲ್ಲಿ ಅನ್ನಬೇಕು ಎಂಬುದಕ್ಕೇ ಗುದ್ದಾಟ.

ಆದಿಲ್‌ಶಾಹಿಗಳ ವಿಜಯಪುರಕ್ಕೆ ಬಂದ ಇಸ್ಲಾಮಿನ ಪರಂಪರೆಯೂ ಈ ಗುದ್ದಾಟವನ್ನು ಕಂಡಿದ್ದೇ. 1037ರಲ್ಲಿ ತೀರಿಕೊಂಡ ತತ್ವಜ್ಞಾನಿ ಇಬ್ನ್ ಸೀನಾ ಇರುವುದನ್ನೆಲ್ಲ ಎರಡಾಗಿ ಒಡೆದ: ಇರಬಹುದು ಇಲ್ಲದಿರಬಹುದು ಎಂಬಂಥದ್ದು ಒಂದು, ಇರಲೇಬೇಕಾದದ್ದು ಇನ್ನೊಂದು, ಅದೇ ದೇವರು. ‘ಯಾಕಿದೆ’ ಎಂಬ ಪ್ರಶ್ನೆ ಮೊದಲನೆಯದಕ್ಕೆ ಮಾತ್ರ. ಇಸ್ಲಾಮಿನ ಧರ್ಮಪಂಡಿತ ಘಜಾಲಿಗೆ ಈ ದಾರಿ ಹಿಡಿಸಲಿಲ್ಲ. ಜಗತ್ತಿಗೆ ಆರಂಭ ಇದೆ, ಆರಂಭ ಇರುವುದಕ್ಕೆಲ್ಲ ಕಾರಣ ಇರುತ್ತದೆ ಎಂದು ನೇರವಾಗಿ ವಾದಿಸಿದ. ಪ್ರವಾದಿ ಮುಹಮ್ಮದರ ಮಾತುಗಳ ದಾಖಲೆಯಾದ ಹದೀಸ್‌ನಲ್ಲಂತೂ ಹುಡುಗನ ಪ್ರಶ್ನೆ ಹಾಗ್‌ಹಾಗೇ ಇದೆ. ಇದನ್ನು ಯಾರು ಮಾಡಿದರು, ಅದನ್ನು ಯಾರು ಮಾಡಿದರು ಎಂದು ಸೈತಾನ ಕೇಳುತ್ತಾ ಹೋಗಿ, ಕೊನೆಗೆ ನಿನ್ನ ದೇವರನ್ನು ಯಾರು ಮಾಡಿದರು ಅನ್ನುತ್ತಾನೆ. ಆಗ ಅಲ್ಲಾಹನ ಮೊರೆ ಹೋಗಿ ಅಲ್ಲಿಗೇ ನಿಲ್ಲಿಸು ಎಂಬ ಬುದ್ಧಿವಾದ ಅಲ್ಲಿದೆ. ಅಜ್ಜಿಯದೂ ಹೆಚ್ಚುಕಡಿಮೆ ಇದೇ ಸಲಹೆ ಅಲ್ವಾ?

ಯೂರೋಪಿನಲ್ಲಿ ಇದು ಜನರ ಬಾಯಿಗೆ ಬಂದಿದ್ದರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ ಪಾಲು ದೊಡ್ಡದು. ಹದಿನೆಂಟನೇ ವಯಸ್ಸಿನಲ್ಲಿ ಜಾನ್ ಸ್ಟುವರ್ಟ್ ಮಿಲ್‌ನ ಆತ್ಮಕಥೆಯಲ್ಲಿ ಈ ಪ್ರಶ್ನೆ ಓದಿದ ಮೇಲೆ ಎಲ್ಲದರ ಮೊದಲ ಕಾರಣ ದೇವರೇ ಎಂಬ ಆದಿಕಾರಣದ ವಾದವನ್ನು ತಾನು ಕೈಬಿಟ್ಟೆ ಎಂದು 1927ರಲ್ಲಿ ಲಂಡನ್ನಿನ ಭಾಷಣದಲ್ಲಿ ಹೇಳಿದ. ಎಲ್ಲಕ್ಕೂ ಕಾರಣ ಬೇಕಾದರೆ ದೇವರಿಗೂ ಬೇಕು ಎಂಬುದು ಅವನ ಏಟು. ಆದರೆ ಎಲ್ಲಕ್ಕೂ ಕಾರಣ ಬೇಕು ಎಂದು ಘಜಾಲಿಯೂ ಹೇಳಿಲ್ಲ, ಕ್ರೈಸ್ತ ಧರ್ಮಪಂಡಿತ ಅಕ್ವಿನಾಸನೂ ಹೇಳಿಲ್ಲ. ನನ್ನ ಮಟ್ಟಿಗೆ ಜಿನಸೇನರ ಏಟು ಇದಕ್ಕಿಂತ ಜಾಸ್ತಿ ಗಟ್ಟಿ. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಪಾದ್ರಿ ಕಾಪಲ್ಸ್‌ಟನ್ ಜೊತೆ ವಾದ ಮಾಡುವಾಗ ರಸೆಲ್ ಜೈನರ ಹತ್ತಿರವೇ ಬಂದು ನಿಂತ: ವಿಶ್ವ ಇದೆ, ಅಷ್ಟೇ.

ಅಷ್ಟರಲ್ಲಿ ಮಹಾಸ್ಫೋಟದ (ಬಿಗ್ ಬ್ಯಾಂಗ್) ಸಿದ್ಧಾಂತ ಬಂದಿತ್ತು. ಜಗತ್ತಿಗೆ ಆರಂಭ ಸಿಕ್ಕಿತು ಎಂದು 1951ರಲ್ಲಿ ಪೋಪ್ ಸಂತೋಷಪಟ್ಟರು. ಆ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಲೆಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಅವರಿಗೇ ಈ ಜೋಡಣೆ ಇಷ್ಟವಾಗಲಿಲ್ಲ. ಸುಮಾರು 1,380 ಕೋಟಿ ವರ್ಷದ ಹಿಂದಿನ ಆ ಬಿಸಿ, ದಟ್ಟ ಸ್ಥಿತಿಯೇ ಮೊಟ್ಟಮೊದಲೇ, ಅದಕ್ಕೂ ಹಿಂದೆ ಏನಾದರೂ ಇತ್ತೇ ಎಂಬುದು ಭೌತಶಾಸ್ತ್ರದಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇಷ್ಟೆಲ್ಲದರ ನಡುವೆ ಮರೆತುಹೋಗುವ ಒಂದು ಸಂಗತಿ ಇದೆ. ಕುಂಬಾರನ ವಾದ ಬೇಡ ಎಂದವರಲ್ಲಿ ದೊಡ್ಡ ಭಕ್ತರೂ ಇದ್ದರು. ದೊಡ್ಡ ಗೋಪುರ ಕಟ್ಟಲು ಬಹಳ ಜನ ಬೇಕಾಗುತ್ತಾರೆ, ಹಾಗಿರುವಾಗ ಜಗತ್ತಿಗೆ ಕರ್ತೃ ಒಬ್ಬನೇ ಎಂದು ತರ್ಕದಿಂದ ಹೇಗೆ ಹೇಳುತ್ತೀರಿ ಎಂಬ ಧಾಟಿಯಲ್ಲಿ ರಾಮಾನುಜರು ನ್ಯಾಯದವರನ್ನು ಕೇಳಿದರು. ದೇವರು ಗೊತ್ತಾಗುವುದು ಶಾಸ್ತ್ರದಿಂದ ಮಾತ್ರ ಎಂದರು. ವಿಜಯಪುರ, ಬಾಗಲಕೋಟೆ ಕಡೆ ಅನೇಕ ಮನೆತನಗಳು ಅನುಸರಿಸುವ ಮಧ್ವಮತದ ನಿಲುವೂ ಇದೇ. ಇಂಥವರ ಮುಂದೆ ‘ದೇವರನ್ನು ಮಾಡಿದವರು ಯಾರು’ ಎಂದು ಕೇಳಿ ಗೆಲ್ಲುವುದು ಕಷ್ಟ. ಅವರ ಹತ್ತಿರ ಕೇಳಬೇಕಾದ್ದು ಬೇರೆ: ಶಾಸ್ತ್ರವನ್ನು ಯಾಕೆ ನಂಬಬೇಕು? ಅದು ಇದಕ್ಕಿಂತ ಉದ್ದದ ಜಗಳ.