ಕೊಡಗಿನ ಮೂರನೇ ಶಾಸಕರು ಎಲ್ಲಿ ಹೋದರು?

ಕೊಡಗಿಗೆ ಮೊದಲು ಮೂವರು ಶಾಸಕರಿದ್ದರು. ಮಡಿಕೇರಿಗೊಬ್ಬರು, ಸೋಮವಾರಪೇಟೆಗೊಬ್ಬರು, ವಿರಾಜಪೇಟೆಗೊಬ್ಬರು. 2008ರ ವಿಧಾನಸಭಾ ಚುನಾವಣೆ ಹೊತ್ತಿಗೆ ಸೋಮವಾರಪೇಟೆ ಕ್ಷೇತ್ರವೇ ಇರಲಿಲ್ಲ. ಈಗಲೂ ಗೋಣಿಕೊಪ್ಪದ ಸಂತೆಯಲ್ಲೋ ಯಾರದಾದರೂ ಮದುವೆಯಲ್ಲೋ ಈ ಮಾತು ಬಂದರೆ ಒಬ್ಬೊಬ್ಬರದು ಒಂದೊಂದು ಕಾರಣ. ಆ ಪಕ್ಷದವರು ಮಾಡಿಸಿದ್ದು, ಈ ಪಕ್ಷದವರು ಸುಮ್ಮನಿದ್ದದ್ದು, ಬೆಂಗಳೂರಿನವರಿಗೆ ಕೊಡಗು ಅಂದರೆ ಅಷ್ಟಕ್ಕಷ್ಟೇ. ಮೊಬೈಲ್ ತೆಗೆದು ಒಂದು ಭಾಗಾಕಾರ ಮಾಡಿ ನೋಡುವವರು ಮಾತ್ರ ಕಡಿಮೆ.

ಮಾಡಿ ನೋಡೋಣ. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224 ಸೀಟಿಗೆ ಹಂಚಿದರೆ ಒಂದು ಸೀಟಿಗೆ ಸುಮಾರು 1,30,800 ಜನ. ಆಗ ಕೊಡಗಿನಲ್ಲಿದ್ದವರು 3,78,291. ಭಾಗಿಸಿದರೆ 2.89 ಬರುತ್ತದೆ, ಅಂದರೆ ಹತ್ತಿರ ಹತ್ತಿರ ಮೂರು. 2001ಕ್ಕೆ ಬನ್ನಿ. ರಾಜ್ಯ 5,28,50,562, ಕೊಡಗು 5,48,561. ಈಗ ಬರುವುದು 2.33. ಮೂವತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ. 80ರಷ್ಟು ಬೆಳೆದರೆ ಕೊಡಗಿನದು ಶೇ. 45ರಷ್ಟು ಮಾತ್ರ ಬೆಳೆಯಿತು. ಜನಗಣತಿ ನೋಡಿ ಸೀಟುಗಳನ್ನು ಮತ್ತೆ ಹಂಚುವ ಕ್ಷೇತ್ರ ವಿಂಗಡಣೆಯಲ್ಲಿ ಮೂರನೇ ಸೀಟು ಹೋದದ್ದು ಹೀಗೆ. 2011ರ ಲೆಕ್ಕ ಹಾಕಿದರೆ 2.03ಕ್ಕೆ ಇಳಿದಿರುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಡೇಟಾದವರ ಕೆಲಸ ಮುಗಿಯಿತು. ರಾಜ್ಯಶಾಸ್ತ್ರದವರ ಕೆಲಸ ಇಲ್ಲಿಂದ ಶುರು. ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಈ ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕೋಣೆ ಒಂದೇ ಆದರೂ ಇಬ್ಬರ ಸ್ವಭಾವ ಬೇರೆ ಬೇರೆ. ಕಂಪ್ಯೂಟರ್ ಹುಡುಗರಿಗೆ ಉತ್ತರ ಬಂದರೆ ಊಟಕ್ಕೆ ಹೋಗಬಹುದು ಅನ್ನಿಸುತ್ತದೆ. ರಾಜ್ಯಶಾಸ್ತ್ರದವರು ಉತ್ತರ ಬಂದ ಮೇಲೂ ಪ್ರಶ್ನೆಯೇ ಸರಿಯಿಲ್ಲ ಅಂತ ಜಗಳ ತೆಗೆಯುತ್ತಾರೆ. ನನ್ನ ಪ್ರಕಾರ ಲ್ಯಾಬ್ ನಡೆಯುವುದೇ ಈ ಜಗಳದಿಂದ.

ಅದೇ ಕ್ಷೇತ್ರ ವಿಂಗಡಣೆಯನ್ನು ರಾಜ್ಯಶಾಸ್ತ್ರದವರ ಕಣ್ಣಿನಿಂದ ನೋಡಿ. ಸೀಟು ಎಷ್ಟು ಅನ್ನುವುದು ಭಾಗಾಕಾರ. ಯಾವ ಸೀಟು ಯಾರಿಗೆ ಮೀಸಲು ಅನ್ನುವುದರ ಹಿಂದೆ ದೊಡ್ಡ ಕತೆಯಿದೆ. ಹಳೆಯ ವಿರಾಜಪೇಟೆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಕೊಡಗಿನಲ್ಲಿ ಯರವರು, ಜೇನು ಕುರುಬರು, ಕಾಡು ಕುರುಬರು ಎಲ್ಲ ಸೇರಿ ಪರಿಶಿಷ್ಟ ಪಂಗಡದವರು 2011ರ ಗಣತಿಯಲ್ಲಿ ಶೇ. 10ಕ್ಕಿಂತ ಸ್ವಲ್ಪ ಜಾಸ್ತಿ ಇದ್ದಾರೆ. ಇವತ್ತು ರಾಜ್ಯದಲ್ಲಿ ಈ ವರ್ಗಕ್ಕೆ 15 ಸೀಟುಗಳಿವೆ. ಕೊಡಗಿನಲ್ಲಿ ಒಂದೂ ಇಲ್ಲ. ಯಾಕೆ? ಪರಿಶಿಷ್ಟ ಪಂಗಡದ ಸೀಟನ್ನು ಅವರ ಪ್ರಮಾಣ ಎಲ್ಲಿ ಹೆಚ್ಚೋ ಅಲ್ಲಿಗೆ ಕೊಡಬೇಕು ಅಂತ ನಿಯಮ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪಟ್ಟಿಗೆ ಸೇರಿದ ಮೇಲೆ ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆ ಆ ಪ್ರಮಾಣ ಬಹಳ ಏರಿತು. ಹೊಸ ಸೀಟುಗಳಲ್ಲಿ ಹೆಚ್ಚಿನವು ಆ ಕಡೆಗೇ ಹೋದವು. ಸಂತೆಯಲ್ಲಿ ನಾವು ಅಳುವುದು ಸೋಮವಾರಪೇಟೆಯ ಸೀಟಿಗೆ. ಹಾಡಿಯವರು, ಅಂದರೆ ಈ ಬುಡಕಟ್ಟಿನವರು, ಕಳೆದುಕೊಂಡದ್ದು ವಿರಾಜಪೇಟೆಯ ಸೀಟನ್ನು. ಅದರ ಬಗ್ಗೆ ಮಾತೇ ಕಡಿಮೆ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಇಲ್ಲಿನ ವಿಧಾನಸಭೆಯಲ್ಲಿ 24 ಸದಸ್ಯರು. ಜನಸಂಖ್ಯೆ ಆಗ 2.29 ಲಕ್ಷ. ಒಬ್ಬ ಸದಸ್ಯರಿಗೆ ಸುಮಾರು 9,500 ಜನ. ಇವತ್ತು, 2011ರ ಗಣತಿ ಹಿಡಿದರೂ, ಒಬ್ಬ ಶಾಸಕರಿಗೆ 2.77 ಲಕ್ಷ. ಆ 1952ರ ಚುನಾವಣೆಯಲ್ಲಿ ಸಿ. ಎಂ. ಪೂಣಚ್ಚನವರ ಕಾಂಗ್ರೆಸ್ 15 ಸೀಟು ಗೆದ್ದಿತು. ಮೈಸೂರಿನ ಜೊತೆ ವಿಲೀನ ಬೇಡ ಎಂದ ತಕ್ಕಡಿ ಗುಂಪಿನ ಪಕ್ಷೇತರರು 9. ಹಾಗಾದರೆ ವಿಲೀನಕ್ಕೆ ಎಷ್ಟು ಜನ ಒಪ್ಪಿದ್ದರು? 15 ಸೀಟಿನಿಂದ ಅದು ಗೊತ್ತಾಗುವುದಿಲ್ಲ. ಸೀಟಿನ ಪಾಲು ಬೇರೆ, ಮತದ ಪಾಲು ಬೇರೆ. ಮತ ಹಾಕಿದವರೆಲ್ಲ ಅದೊಂದೇ ವಿಷಯಕ್ಕೆ ಹಾಕಿದರು ಅಂತಲೂ ಇಲ್ಲ.

ಇಂಥ ಕೆಲಸ ಮಾಡುವವರು ನಾವೊಬ್ಬರೇ ಅಲ್ಲ. ದೆಹಲಿಯ ಸಿಎಸ್‌ಡಿಎಸ್ ಎಂಬ ಸಂಶೋಧನಾ ಸಂಸ್ಥೆಯ ಲೋಕನೀತಿ ವಿಭಾಗ 1990ರ ದಶಕದಿಂದ ಮತದಾರರ ಸಮೀಕ್ಷೆ ಮಾಡುತ್ತಿದೆ. ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರ 1962ರಿಂದ ಈಚಿನ ಚುನಾವಣಾ ಫಲಿತಾಂಶಗಳನ್ನು ಒಪ್ಪ ಮಾಡಿ ಲೋಕ್ ಢಾಬಾ ಎಂಬ ಹೆಸರಿನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಎಂ.ಎ. ಓದುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಆದರೆ ಅದು ಕ್ಷೇತ್ರ ಮಟ್ಟದ ಲೆಕ್ಕ. ಬೂತ್ ಮಟ್ಟಕ್ಕೆ ಇಳಿದರೆ ಕೈ ಕೊಳೆಯಾಗುತ್ತದೆ. ಮತ ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ತಯಾರಿಸುವ ಅಂತಿಮ ಪಟ್ಟಿಗೆ ಫಾರಂ 20 ಅಂತ ಹೆಸರು. ಒಂದು ಸಾಲಿಗೆ ಒಂದು ಬೂತ್, ಒಂದು ಕಾಲಂಗೆ ಒಬ್ಬ ಅಭ್ಯರ್ಥಿ, 2013ರಿಂದ ಈಚೆಗೆ ನೋಟಾಗೂ ಒಂದು ಕಾಲಂ, ಕೊನೆಯಲ್ಲಿ ಒಟ್ಟು. ಇದು ನಮಗೆ ಸಿಗುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಪುಟ ಓರೆ, ಮೂಲೆ ಮಸುಕು, ಕೆಲವು ಅಂಕಿಗಳ ಮೇಲೆ ಸೀಲ್. ಕಂಪ್ಯೂಟರ್‌ಗೆ ಓದಿಸಿದರೆ 3 ಇದ್ದದ್ದು 8 ಆಗುತ್ತದೆ, 1 ಇದ್ದದ್ದು 7 ಆಗುತ್ತದೆ. ಸಾಲನ್ನು ಅಡ್ಡಕ್ಕೆ ಕೂಡಿ ಒಟ್ಟಿನ ಜೊತೆ ತಾಳೆ ನೋಡಬೇಕು, ಕಾಲಂ ಅನ್ನು ಉದ್ದಕ್ಕೆ ಕೂಡಿ ನೋಡಬೇಕು. ಎರಡೂ ಕೂಡಿ ಬಂದರೆ ಮಾತ್ರ ಮುಂದಿನ ಪುಟ. ಕೃತಕ ಬುದ್ಧಿಮತ್ತೆ ಅಂತ ಆಸೆಯಿಂದ ಬಂದ ಹುಡುಗರಿಗೆ ಮೊದಲ ತಿಂಗಳು ಈ ಕೂಡುವ ಕೆಲಸ. ಒಂದಿಬ್ಬರು ಬಿಟ್ಟು ಹೋಗುವುದೂ ಇದೆ.

ಇದಕ್ಕಿಂತ ಕಷ್ಟ ಹೆಸರುಗಳದು. ಒಂದು ಚುನಾವಣೆಯ ಅಭ್ಯರ್ಥಿ ಇನ್ನೊಂದರಲ್ಲೂ ನಿಂತಿದ್ದಾರಾ ಅಂತ ಕಂಡುಹಿಡಿಯಬೇಕು ಅಂದುಕೊಳ್ಳಿ. ಹೆಸರುಗಳು ಎಷ್ಟು ಹತ್ತಿರ ಅಂತ ಅಳೆಯಲು ಕಂಪ್ಯೂಟರ್‌ನಲ್ಲಿ ಸುಲಭದ ದಾರಿ ಇದೆ. ಒಂದು ಹೆಸರನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಅಂತ ಎಣಿಸುವುದು. ಪೂಣಚ್ಚ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಬ್ಬರು ಎರಡು ಓ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಒಂದೇ ಯು ಹಾಕುತ್ತಾರೆ. ಒಂದು ಅಕ್ಷರ ಬದಲು, ಒಂದು ಕಡಿಮೆ. ವ್ಯತ್ಯಾಸ 2. ಈಗ ಪೊನ್ನಪ್ಪ ಮತ್ತು ಪೊನ್ನಣ್ಣ ನೋಡಿ. ಎರಡು ಪಿ ಇದ್ದ ಕಡೆ ಎರಡು ಎನ್. ಇಲ್ಲೂ ವ್ಯತ್ಯಾಸ 2. ಮೊದಲನೆಯದು ಒಂದೇ ಹೆಸರು, ಎರಡನೆಯದು ಬೇರೆ ಬೇರೆ ಹೆಸರು. ಮಷೀನ್‌ಗೆ ಎರಡೂ ಒಂದೇ!

"ಮೇಡಂ, 2 ಬಂದರೆ ಒಂದೇ ಜನ ಅಂತ ಇಟ್ಕೊಳ್ಳೋದಾ ಬೇಡ್ವಾ?" ಅಂತ ಹಾಸನ ಕಡೆಯ ಹುಡುಗನೊಬ್ಬ ಕೇಳಿದ. ಪಕ್ಕದಲ್ಲಿದ್ದ ನಾಪೋಕ್ಲಿನ ಹುಡುಗಿ ಸ್ಕ್ರೀನ್ ನೋಡಿ, "ಒಕ್ಕದ ಹೆಸರು ನೋಡು ಮಾರಾಯ, ಸುಮ್ನೆ ಅಕ್ಷರ ಎಣಿಸ್ತೀಯಲ್ಲ" ಅಂದಳು. ಅವಳು ಹೇಳಿದ್ದೇ ಸರಿ. ಕೊಡವರಲ್ಲಿ ಒಕ್ಕದ ಹೆಸರು, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ, ಅದು ಕೂಡಿದರೆ ಅನುಮಾನ ಬಹುತೇಕ ತೀರುತ್ತದೆ. ಆದರೆ ಎಷ್ಟೋ ಪಟ್ಟಿಗಳಲ್ಲಿ ಅದು ಬರೀ ಇನಿಷಿಯಲ್ ಆಗಿ ಕುಗ್ಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಒಕ್ಕದ ಹೆಸರೇ ಬದಲಾಗಿರುತ್ತದೆ. ಅಲ್ಲಿಗೆ ಪ್ರೋಗ್ರಾಂ ನಿಂತಿತು, ಊರು ಬಲ್ಲವರನ್ನು ಕೇಳುವುದು ಶುರುವಾಯಿತು.

ಹೆಸರಿನಿಂದ ಜಾತಿ ಊಹಿಸುವ ಪ್ರೋಗ್ರಾಂಗಳೂ ಇವೆ. ಬೇರೆ ಕಡೆ ಅವು ತಕ್ಕಮಟ್ಟಿಗೆ ನಡೆಯಬಹುದು. ಕೊಡಗಿನಲ್ಲಿ ಬೇಡ ಅಂತ ನಾನು ಹೇಳಿಬಿಡುತ್ತೇನೆ. ಬೆಳ್ಯಪ್ಪ, ಬೋಪಯ್ಯ ಅನ್ನುವವರು ಕೊಡವರಲ್ಲೂ ಇದ್ದಾರೆ, ಅರೆಭಾಷೆ ಗೌಡರಲ್ಲೂ ಇದ್ದಾರೆ. ಕೊಡವರಂತೆಯೇ ಮನೆ ಹೆಸರು ಇಟ್ಟುಕೊಂಡ ಮುಸ್ಲಿಂ ಕುಟುಂಬಗಳಿವೆ. ತಪ್ಪು ಊಹೆಯನ್ನು ಸಾವಿರ ಸಲ ವೇಗವಾಗಿ ಮಾಡುವುದರಿಂದ ಅದು ಸರಿಯಾಗುವುದಿಲ್ಲ.

ಚುನಾವಣೆ ಮುಗಿದ ಮಾರನೇ ದಿನ ನಮ್ಮ ಕಡೆ ಕೇಳಿಬರುವ ಮಾತೊಂದಿದೆ. "ಲೈನ್ ಮನೆಯವರೆಲ್ಲ ಆ ಪಕ್ಷಕ್ಕೆ ಹಾಕಿದ್ದಾರೆ." ಲೈನ್ ಮನೆ ಅಂದರೆ ಕಾಫಿ ತೋಟದ ಕೆಲಸದವರ ಸಾಲುಮನೆ. ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪದ ಕಡೆ ಈ ಮಾತು ಜಾಸ್ತಿ. ಲೈನ್ ಮನೆ ಜಾಸ್ತಿ ಇರುವ ಬೂತ್‌ನಲ್ಲಿ ಆ ಪಕ್ಷಕ್ಕೆ ಜಾಸ್ತಿ ಮತ ಬಂದಿದೆ, ಅದೇ ಸಾಕ್ಷಿ ಅನ್ನುತ್ತಾರೆ. ಸಾಕ್ಷಿ ಎಷ್ಟು ಗಟ್ಟಿ ಅಂತ ಒಂದು ಕಾಲ್ಪನಿಕ ಬೂತ್ ಇಟ್ಟುಕೊಂಡು ನೋಡಿ. 600 ಜನ ಮತ ಹಾಕಿದ್ದಾರೆ. 300 ಲೈನ್ ಮನೆಯವರು, 300 ಉಳಿದವರು. ಪಕ್ಷಕ್ಕೆ ಬಂದದ್ದು 330. ಉಳಿದ 300 ಜನರೂ ಆ ಪಕ್ಷಕ್ಕೇ ಹಾಕಿದ್ದರೆ ಲೈನ್ ಮನೆಯಿಂದ ಬಂದದ್ದು ಬರೀ 30. ಉಳಿದವರಲ್ಲಿ 30 ಜನ ಮಾತ್ರ ಹಾಕಿದ್ದರೆ ಲೈನ್ ಮನೆಯ 300ಕ್ಕೆ 300. ಅಂದರೆ ಶೇ. 10ರಿಂದ ಶೇ. 100ರವರೆಗೆ ಯಾವುದು ಬೇಕಾದರೂ ಆಗಿರಬಹುದು. ಬೂತ್‌ನ ಒಟ್ಟು ಲೆಕ್ಕ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇದು ಹಳೆಯ ಪಾಠ. 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಇದನ್ನು ತೋರಿಸಿದರು. ರಾಜ್ಯಗಳನ್ನು ಹೋಲಿಸಿದರೆ, ವಿದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ. ಒಬ್ಬೊಬ್ಬರನ್ನೇ ನೋಡಿದರೆ ತಿರುಗಾಮುರುಗಾ. ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ. ವಲಸೆ ಬಂದವರು ಓದು ಬಲ್ಲವರು ಹೆಚ್ಚಿರುವ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೇ. 1997ರಲ್ಲಿ ಹಾರ್ವರ್ಡ್‌ನ ಗ್ಯಾರಿ ಕಿಂಗ್ ಮೇಲಿನ ಶೇ. 10ರಿಂದ ಶೇ. 100ರಂಥ ಮಿತಿಗಳ ಜೊತೆ ಸಂಖ್ಯಾಶಾಸ್ತ್ರ ಸೇರಿಸಿ ಊಹೆಯನ್ನು ಬಿಗಿ ಮಾಡುವ ವಿಧಾನ ತಂದರು. ನಾವೂ ಬಳಸುತ್ತೇವೆ. ಆದರೆ ಅದರಲ್ಲೂ ನಾವೇ ಒಪ್ಪಿಕೊಂಡ ಊಹೆಗಳಿವೆ, ಅದನ್ನು ವರದಿಯ ಮೊದಲ ಪುಟದಲ್ಲೇ ಬರೆಯಬೇಕು.

ಇನ್ನು ಆ 300 ಅನ್ನುವ ಸಂಖ್ಯೆಯಾದರೂ ಎಲ್ಲಿಂದ ಬಂತು? ತೋಟದ ಲೈನ್‌ನಲ್ಲಿ ಇವತ್ತು ಅಸ್ಸಾಂ ಕಡೆಯಿಂದ ಬಂದವರು ಬಹಳ ಇದ್ದಾರೆ. ಇಲ್ಲಿ ಕಾಫಿ ಕೊಯ್ಯುತ್ತಾರೆ, ಎಷ್ಟೋ ಜನರ ಓಟು ಅವರ ಊರಲ್ಲೇ ಇದೆ. ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಕಡೆ ನೋಡಿದರೆ ಇದರ ಉಲ್ಟಾ. ಹೆಸರು ಊರಿನ ಪಟ್ಟಿಯಲ್ಲಿ, ಮನುಷ್ಯ ಬೆಂಗಳೂರಿನಲ್ಲಿ. ಜನಗಣತಿ ಒಂದು ಕೊಡಗನ್ನು ಎಣಿಸುತ್ತದೆ, ಮತದಾರರ ಪಟ್ಟಿ ಇನ್ನೊಂದನ್ನು. ಮತದಾನದ ಶೇಕಡಾವಾರು ಕಡಿಮೆ ಬಂದಾಗ "ಜನರಿಗೆ ಆಸಕ್ತಿಯಿಲ್ಲ" ಅಂತ ಬರೆಯುವ ಮುಂಚೆ ಪಟ್ಟಿಯಲ್ಲಿರುವವರಲ್ಲಿ ಊರಲ್ಲಿದ್ದವರು ಎಷ್ಟು ಅಂತ ಕೇಳಬೇಕಲ್ವಾ?

ಹಾಗಾದರೆ ಜನರನ್ನೇ ಕೇಳಿಬಿಡಿ ಅನ್ನಬಹುದು. ಕೇಳುತ್ತೇವೆ. ತೋಟದ ಕೆಲಸ ನೋಡಿಕೊಳ್ಳುವ ಸಾಹುಕಾರರ ರೈಟರ್ ಬಾಗಿಲಲ್ಲಿ ನಿಂತಿದ್ದಾಗ ಲೈನ್‌ನಲ್ಲಿ ಸಿಗುವ ಉತ್ತರ ಒಂದು, ಭಾನುವಾರ ಸಂತೆಯಿಂದ ವಾಪಸ್ ಬರುವಾಗ ಸಿಗುವ ಉತ್ತರ ಇನ್ನೊಂದು. ಪ್ರಶ್ನೆ ಕೇಳುವವರು ಯಾರು, ಯಾವ ಭಾಷೆಯಲ್ಲಿ ಕೇಳಿದರು, ಪಕ್ಕದಲ್ಲಿ ಯಾರಿದ್ದರು ಅನ್ನುವುದನ್ನೂ ನಾವು ಒಂದು ಕಾಲಂನಲ್ಲಿ ತುಂಬಿಸುತ್ತೇವೆ. ಎಷ್ಟು ಜನರನ್ನು ಕೇಳಿದ್ದೀರಿ ಅನ್ನುವುದೊಂದೇ ಮುಖ್ಯವಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ, ಅಧ್ಯಕ್ಷರ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಅಂತ ಹೇಳಿತ್ತು. ಅವರು ಶೇ. 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ಕೊನೆಯದಾಗಿ ನನಗೆ ನಿದ್ದೆ ಕೆಡಿಸುವ ವಿಷಯ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಬೂತ್‌ಗಳ ಮತಪತ್ರ ಬೆರೆಸಿ ಎಣಿಸಲು ಅವಕಾಶವಿತ್ತು. ಇವಿಎಂ ಬಂದ ಮೇಲೆ ಒಂದೊಂದು ಬೂತ್‌ನ ಲೆಕ್ಕವೂ ಬಯಲು. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿ ತೋರಿಸುವ ಟೋಟಲೈಸರ್ ತರೋಣ ಅಂತ ಚುನಾವಣಾ ಆಯೋಗವೇ 2008ರಲ್ಲಿ ಪ್ರಸ್ತಾವ ಇಟ್ಟಿತ್ತು, ಅದು ಜಾರಿಗೆ ಬರಲಿಲ್ಲ. ದೊಡ್ಡ ಊರಿನಲ್ಲಿ ಇದರಿಂದ ತೊಂದರೆ ಕಡಿಮೆ. ಕಾಡಂಚಿನ ಸಣ್ಣ ಬೂತ್‌ನಲ್ಲಿ, ಹೆಚ್ಚಿನ ಮತದಾರರು ಒಂದೇ ಹಾಡಿಯವರಾಗಿದ್ದರೆ, ಗೆದ್ದವರಿಗೂ ಸೋತವರಿಗೂ ಹಾಡಿ ಯಾವ ಕಡೆ ಹೋಯಿತು ಅಂತ ಗೊತ್ತಾಗಿಬಿಡುತ್ತದೆ. ರಸ್ತೆ, ಕರೆಂಟು, ಹಕ್ಕುಪತ್ರ ಎಲ್ಲದಕ್ಕೂ ಅವರ ಬಾಗಿಲಿಗೇ ಹೋಗಬೇಕಾದವರು ಇವರು. ಅದಕ್ಕೆ ನಮ್ಮ ಲ್ಯಾಬ್‌ನಲ್ಲಿ ಒಂದು ನಿಯಮ ಮಾಡಿದ್ದೇವೆ. ಸಣ್ಣ ಬೂತ್‌ಗಳನ್ನು ನಕ್ಷೆಯಲ್ಲಿ ಬಿಡಿಯಾಗಿ ತೋರಿಸುವುದಿಲ್ಲ, ಅಕ್ಕಪಕ್ಕದವುಗಳ ಜೊತೆ ಸೇರಿಸಿಯೇ ಬಣ್ಣ ಹಾಕುತ್ತೇವೆ. "ಹೇಗೂ ಸರ್ಕಾರಿ ದಾಖಲೆಯಲ್ಲಿ ಇದೆಯಲ್ಲ, ನಾವು ಮುಚ್ಚಿಟ್ಟು ಏನು ಪ್ರಯೋಜನ?" ಅಂತ ಕಂಪ್ಯೂಟರ್ ಕಡೆಯವರು ವಾದಿಸಿದರು. ಓರೆ ಪಿಡಿಎಫ್‌ನ ಮಧ್ಯದ ಪುಟದಲ್ಲಿ ಇರುವುದಕ್ಕೂ ಮೊಬೈಲ್‌ನಲ್ಲಿ ಬೆರಳಿಟ್ಟರೆ ಹಾಡಿಯ ಹೆಸರಿನ ಸಮೇತ ಮೂಡುವುದಕ್ಕೂ ವ್ಯತ್ಯಾಸ ಇದೆ ಅಂತ ರಾಜ್ಯಶಾಸ್ತ್ರದವರು. ಈ ಸಲ ನಾನು ಅವರ ಕಡೆ.

ಮಡಿಕೇರಿ, ಪೊನ್ನಂಪೇಟೆ, ಕುಶಾಲನಗರದ ಕಾಲೇಜುಗಳಿಂದ ಮಕ್ಕಳು ಬಂದು ಇದಕ್ಕೆ ಏನು ಓದಬೇಕು ಅಂತ ಕೇಳುತ್ತಾರೆ. ಬಿ.ಎ. ಆದರೂ ಪರವಾಗಿಲ್ಲ, ಬಿ.ಎಸ್‌ಸಿ. ಆದರೂ ಪರವಾಗಿಲ್ಲ. ಪೈಥಾನ್ ಅಥವಾ ಆರ್ (R), ಈ ಎರಡು ಪ್ರೋಗ್ರಾಂ ಭಾಷೆಗಳಲ್ಲೊಂದು ಕಲಿಯಿರಿ, ಸ್ವಲ್ಪ ಸಂಖ್ಯಾಶಾಸ್ತ್ರ ಇರಲಿ. ಬಿ.ಎ.ಯವರು ಲೆಕ್ಕಕ್ಕೆ ಹೆದರುವುದು ಬೇಡ, ಬಿ.ಎಸ್‌ಸಿ.ಯವರು ಪಂಚಾಯತಿ ಕಾಯ್ದೆ ಓದಲು ಬೇಸರಿಸುವುದು ಬೇಡ. ಕೋರ್ಸ್ ಸೇರುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕ್ಷೇತ್ರದ 2018 ಮತ್ತು 2023ರ ಫಾರಂ 20 ಹುಡುಕಿ ಇಳಿಸಿಕೊಂಡು, ನಿಮ್ಮ ಊರಿನ ಬೂತ್ ಎರಡರಲ್ಲೂ ಒಂದೇನಾ ಅಂತ ನೋಡಿ. ನಂಬರ್ ಒಂದೇ ಇದ್ದ ಮಾತ್ರಕ್ಕೆ ನಂಬಬೇಡಿ, ಮತಗಟ್ಟೆಯ ಶಾಲೆಯ ಹೆಸರು ಮತ್ತು ಅದಕ್ಕೆ ಸೇರಿದ ಹಳ್ಳಿಗಳನ್ನು ಪಟ್ಟಿಯಲ್ಲಿ ತಾಳೆ ನೋಡಿ. ಗೊತ್ತಾಗದಿದ್ದರೆ ಆ ಬೂತ್‌ನ ಬಿಎಲ್‌ಓ (ಬೂತ್ ಮಟ್ಟದ ಅಧಿಕಾರಿ) ಯಾರು ಅಂತ ವಿಚಾರಿಸಿ. ಹೆಚ್ಚಾಗಿ ಅಲ್ಲಿನ ಟೀಚರೋ ಅಂಗನವಾಡಿಯವರೋ ಆಗಿರುತ್ತಾರೆ, ಯಾವ ಮನೆ ಯಾವ ಭಾಗಕ್ಕೆ ಹೋಯಿತು ಅಂತ ಅವರಿಗೆ ಬಾಯಲ್ಲೇ ಇರುತ್ತದೆ.