ಎರಡು ವರ್ಷದಿಂದ ದಿನಾ ವಾಕಿಂಗ್, ಆದ್ರೂ ಬೆಟ್ಟ ಇಳಿಯೋಕೆ ಆಗ್ಲಿಲ್ಲ

ಹೋದ ವರ್ಷ ಮಳೆ ಬಿಟ್ಟ ಮೇಲೆ ವಿರಾಜಪೇಟೆ ಕಡೆಯ ತೋಟದವರೊಬ್ರು ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದ್ರು. ವಯಸ್ಸು ಐವತ್ತು ದಾಟಿದೆ, ಮೆಟ್ಲು ಹತ್ತಿ ಬಂದಿದ್ದು ಸಲೀಸಾಗೇ, ವಾಪಸ್ ಹೋಗುವಾಗ ಮಾತ್ರ ಕಂಬಿ ಹಿಡ್ಕೊಂಡು ಅಡ್ಡಡ್ಡ ಇಳೀತಿದ್ರು. ಎರಡು ದಿನದ ಹಿಂದೆ ಮಗನ ಜೊತೆ ತಡಿಯಂಡಮೋಳ್ ಬೆಟ್ಟ ಹತ್ತಿ ಬಂದಿದ್ರಂತೆ. "ದಿನಾ ಐದು ಕಿಲೋಮೀಟರ್ ನಡೀತೀನಿ ಡಾಕ್ಟ್ರೇ, ಎರಡು ವರ್ಷ ಆಯ್ತು, ಮತ್ತೆ ಹಿಂಗ್ಯಾಕಾಯ್ತು?" ಅಂತ ಕೇಳಿದ್ರು, ಅವ್ರ ಮುಖದಲ್ಲಿ ನೋವಿಗಿಂತ ಬೇಜಾರೇ ಜಾಸ್ತಿ ಇತ್ತು.

ಅವ್ರು ನಡೆಯೋದು ಮಟ್ಟಸವಾದ ಟಾರ್ ರೋಡಲ್ಲಿ, ಅದೇ ಸ್ಪೀಡಲ್ಲಿ. ಇಳಿಜಾರಲ್ಲಿ ತೊಡೆ ಮುಂದಿನ ಸ್ನಾಯು ಬ್ರೇಕ್ ಥರ ಕೆಲ್ಸ ಮಾಡುತ್ತೆ, ಅಂದ್ರೆ ಮೈಭಾರ ಹೊತ್ಕೊಂಡೇ ಉದ್ದ ಆಗ್ತಾ ಹೋಗ್ಬೇಕು, ಆ ಅಭ್ಯಾಸ ಇಲ್ದೇ ಇದ್ರೆ ಒಳಗೆ ಸಣ್ಣ ಸಣ್ಣ ಪೆಟ್ಟು ಬಿದ್ದು ಒಂದೆರಡು ದಿನ ಬಿಟ್ಟು ನೋವು ಜೋರಾಗುತ್ತೆ. ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅಂತ ಎಲ್ರೂ ಹೇಳ್ತಾರೆ, ಅದು ತಪ್ಪು, ಅದು ಒಂದೆರಡು ಗಂಟೆಯೊಳಗೇ ಕಮ್ಮಿಯಾಗೋಗಿರುತ್ತೆ.

ಅವ್ರ ವಾಕಿಂಗ್ ದಂಡ ಅಂತ ನಾನು ಯಾವತ್ತೂ ಹೇಳಲ್ಲ. ಬಿಪಿ, ಶುಗರಿಗೆ ಅದ್ರಿಂದ ಈಗ್ಲೂ ಲಾಭ ಇದೆ. ಆದ್ರೆ ಮೊದ್ಲ ಕೆಲವು ತಿಂಗ್ಳಲ್ಲೇ ಮೈ ಅದಕ್ಕೆ ಒಗ್ಗಿ ಹೋಗಿತ್ತು, ಆಮೇಲೆ ಇನ್ನೂ ಗಟ್ಟಿಯಾಗೋಕೆ ಅದಕ್ಕೆ ಕಾರಣಾನೇ ಸಿಗ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗೆ ಬಲ ಕೊಡೋ ವ್ಯಾಯಾಮ. ಇವ್ರದ್ದು ಮೊದ್ಲನೇದು ಪೂರ್ತಿ ಇತ್ತು, ಎರಡ್ನೇದು ಸೊನ್ನೆ.

ನೋವು ಇಳಿದ ಮೇಲೆ ಕ್ಲಿನಿಕ್ಕಿನ ಕೆಳಗಿನ ಮೆಟ್ಲ ಮೇಲೆ ಒಂದೇ ಕಾಲಲ್ಲಿ ನಿಲ್ಸಿ, ಇನ್ನೊಂದು ಕಾಲಿನ ಹಿಮ್ಮಡಿನ ಮೂರು ಎಣಿಸ್ತಾ ನಿಧಾನಕ್ಕೆ ನೆಲಕ್ಕೆ ಮುಟ್ಸಿ ಅಂದೆ. ಐದನೇ ಸಲಕ್ಕೇ ಮಂಡಿ ಗಡಗಡ ಅಂತು, ಒಳಗಡೆ ವಾಲೋಕೆ ಶುರುವಾಯ್ತು. ವಾರಕ್ಕೆರಡು ದಿನ ಇದು, ನಾಲ್ಕು ದಿನ ಅದೇ ವಾಕಿಂಗ್, ಅದ್ರಲ್ಲಿ ಒಂದಿನ ಮಾತ್ರ ತೋಟದ ಏರು ದಾರೀಲಿ ಒಂದು ನಿಮಿಷ ಜೋರು ಎರಡು ನಿಮಿಷ ನಿಧಾನ, ಅಷ್ಟೇ ಬದಲಾಯಿಸಿದ್ದು.

ಇದಕ್ಕೆ ಉಲ್ಟಾ ಮಾಡೋ ಹುಡುಗ್ರೂ ಬರ್ತಾರೆ, ಅವ್ರ ಬಗ್ಗೆ ನಂಗೆ ನಿಜವಾಗ್ಲೂ ಚಿಂತೆ. ಇವತ್ತು ಒಂದು ರೀಲ್ಸ್ ನೋಡಿ ಒಂದು, ನಾಳೆ ಇನ್ನೊಂದು, ದಿನಾ ಮೈಕೈ ನೋವು ಬಂದ್ರೆ ವರ್ಕೌಟ್ ಚೆನ್ನಾಗಾಯ್ತು ಅನ್ಕೋತಾರೆ. ಹೊಸ ವ್ಯಾಯಾಮ ಶುರು ಮಾಡಿದ ಮೊದ್ಲ ವಾರಗಳಲ್ಲಿ ಬರೋ ಬಲ ಜಾಸ್ತಿ ನರಗಳು ಕಲಿತಿದ್ರಿಂದ ಬರೋದು, ಸ್ನಾಯು ದಪ್ಪ ಆಗೋದು ಆಮೇಲೆ, ವಾರವಾರ ಬದಲಾಯಿಸ್ತಾ ಇದ್ರೆ ಕಲಿಯೋದ್ರಲ್ಲೇ ನಿಂತುಬಿಡ್ತೀರಿ. ಸ್ಕ್ವಾಟು, ಪುಶಪ್ಪು ಇಂಥ ಮುಖ್ಯವಾದ ನಾಲ್ಕೈದನ್ನ ಆರೆಂಟು ವಾರ ಬಿಡ್ಬೇಡಿ, ತೂಕ, ಎಣಿಕೆ, ವೇಗ ಇದ್ರಲ್ಲಿ ಒಂದ್ಸಲಕ್ಕೆ ಒಂದನ್ನ ಮಾತ್ರ ಏರಿಸಿ.

ಹೀಗೆ ಕೆಲವು ವಾರ ಒಂದನ್ನೇ ಹಿಡಿದು ಆಮೇಲೆ ಬದಲಾಯಿಸೋಕೆ ನಮ್ಮ ಕೊಡಗಲ್ಲಿ ಕಾಲಮಾನವೇ ಸರಿಯಾಗಿದೆ ನೋಡಿ. ಜೂನಿಂದ ಆಗಸ್ಟ್ ಮಳೇಲಿ ಹೊರಗೆ ಕಾಲಿಡೋಕಾಗಲ್ಲ, ಮನೆಯೊಳಗೇ ಬಲದ ವ್ಯಾಯಾಮ ಮಾಡಿ. ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್ ಹಬ್ಬ ಮುಗಿದ್ಮೇಲೆ ಏರು ಇಳಿಜಾರಲ್ಲಿ ನಡೀರಿ. ಕಾಫಿ ಕುಯ್ಯೋ ಟೈಮಲ್ಲಿ, ಮೆಣಸಿಗೆ ಏಣಿ ಹತ್ತೋ ಟೈಮಲ್ಲಿ ಇಡೀ ದಿನ ಮೈ ದುಡಿದಿರುತ್ತೆ, ವ್ಯಾಯಾಮ ಅರ್ಧಕ್ಕಿಳಿಸಿ. ಆಮೇಲೆ ಬರೋದೇ ಹಾಕಿ. 1997ರಿಂದ ನಡೀತಿರೋ, ಕೊಡವ ಮನೆತನಗಳು ತಂಡ ಕಟ್ಕೊಂಡು ಆಡೋ ಕುಟುಂಬ ಹಾಕಿಗೆ ವರ್ಷವಿಡೀ ಸ್ಟಿಕ್ ಮುಟ್ಟದವ್ರೂ ಮನೆತನಕ್ಕೋಸ್ಕರ ಇಳೀತಾರೆ, ಅದು ನಮ್ಮ ಹೆಮ್ಮೆ, ಆದ್ರೆ ಬಗ್ಗಿಕೊಂಡು ಏಕ್ದಂ ಓಡೋದಕ್ಕೆ ತೊಡೆ ಹಿಂದಿನ ಸ್ನಾಯು ರೆಡಿ ಇರಲ್ಲ, ಪ್ರತಿ ಬೇಸಿಗೇಲಿ ಕುಂಟ್ಕೊಂಡು ಬರೋರನ್ನ ನೋಡ್ತೀನಿ. ಮ್ಯಾಚಿಗೆ ಎಂಟು ವಾರ ಮುಂಚೇನೇ ಸಣ್ಣ ಸಣ್ಣ ಓಟ ಶುರು ಮಾಡಿ. ಎದೆ ನೋವು, ಮಂಡಿ ಊತ ಇದ್ರೆ ಮೊದ್ಲು ಡಾಕ್ಟ್ರಿಗೆ ತೋರಿಸಿ.

ಆ ತೋಟದವ್ರು ಮೊನ್ನೆ ಬಂದಿದ್ರು. ಕಾಫಿ ತೂಕ ಬರ್ಕೊಳೋ ಹಳೇ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನದ ಲೆಕ್ಕ ಬರ್ದಿದ್ರು: ಎಡಗಾಲು 12, ಬಲಗಾಲು 9. ಬಲಗಾಲಿಗೆ ಬಲ ಕಮ್ಮಿ ಅಂತ ನೋಡಿದ ತಕ್ಷಣ ಗೊತ್ತಾಯ್ತು, ಇನ್ಮೇಲೆ ಬಲಗಾಲಿಂದಾನೇ ಶುರು ಮಾಡಿ ಅಂದೆ.